ಒಂಟಾರಿಯೊ ಸರೋವರದ ನೀರಿನಲ್ಲಿ ಅಭ್ಯಂಜನ

ನರಕ ಚತುರ್ದಶಿಯ ಮುನ್ನಾದಿನ ನೀರು ತುಂಬುವ ಹಬ್ಬ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಂದು ಸಂಜೆ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಹಿಂಡಲಬಳ್ಳಿ ಸುತ್ತಿ, ಬಾವಿಯಿಂದ ಸೇದಿದ ಹೊಸ ನೀರನ್ನು ತುಂಬುತ್ತಾರೆ. ಮರುದಿನದ ನಸುಕಿನಲ್ಲಿ ಎಣ್ಣೆಯಲ್ಲಿ ಲಕ್ಷ್ಮಿಯೂ ನೀರಿನಲ್ಲಿ ಗಂಗೆಯೂ ನೆಲೆಸಿರುತ್ತಾರೆ ಎಂಬುದು ಹಿರಿಯರ ನಂಬಿಕೆ. ಟೊರಾಂಟೊ ಪಕ್ಕದ ಮಿಸಿಸಾಗಕ್ಕೆ ನಾವು ಬಂದ ಮೊದಲ ಶರತ್ಕಾಲದಲ್ಲಿ ಮನೆಯಲ್ಲಿ ಹಂಡೆಯೂ ಇರಲಿಲ್ಲ, ಬಾವಿಯೂ ಇರಲಿಲ್ಲ, ತಲೆಗೆ ಎಣ್ಣೆಯಿಡುವ ಹಿರಿಯರೂ ಇರಲಿಲ್ಲ.

ಹಬ್ಬ ಯಾವತ್ತು ಎಂಬುದೇ ಮೊದಲು ಬಗೆಹರಿಯಬೇಕಾಯಿತು. ಅಕ್ಟೋಬರಿನಲ್ಲಿ ಇಲ್ಲಿನ ಗಡಿಯಾರ ಭಾರತಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿರುವುದರಿಂದ ಅಲ್ಲಿ ಮಧ್ಯಾಹ್ನ ಹುಟ್ಟುವ ತಿಥಿ ಇಲ್ಲಿ ನಸುಕಿಗೇ ಹುಟ್ಟುತ್ತದೆ, ಕೆಲವು ವರ್ಷ ಹಬ್ಬದ ತಾರೀಖೇ ಒಂದು ದಿನ ಹಿಂದಕ್ಕೆ ಬರುತ್ತದೆ. ಹಾಗಾಗಿ ಊರಿನ ಕ್ಯಾಲೆಂಡರನ್ನು ಬದಿಗಿಟ್ಟು ಈ ಊರಿನ ಸೂರ್ಯೋದಯಕ್ಕೆ ಗಣಿಸಿದ ಪಂಚಾಂಗವನ್ನೇ ನೋಡಬೇಕು. ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಮೂಡುವುದು ಏಳೂವರೆ ದಾಟಿದ ಮೇಲೆ. ಆರು ಗಂಟೆಗೆ ಎದ್ದರೂ ಅರುಣೋದಯದ ಸ್ನಾನ ಸಿಗುತ್ತದೆ. ಈ ಒಂದು ವಿಷಯದಲ್ಲಿ ಚಳಿದೇಶ ನಮ್ಮೂರಿಗಿಂತ ಉದಾರಿ ಎನ್ನಬೇಕು.

ಹಂಡೆಯ ಸ್ಥಾನದಲ್ಲಿ ನೆಲಮಾಳಿಗೆಯ ಗ್ಯಾಸ್ ಹೀಟರಿನ ಆಳೆತ್ತರದ ಟ್ಯಾಂಕ್ ಇತ್ತು. ಅದನ್ನು ಒರೆಸಿ, ಮುಂದೆ ರಂಗೋಲಿಯ ನಾಲ್ಕು ಎಳೆ ಎಳೆದು, ಅರಿಶಿನ ಕುಂಕುಮ ಹಚ್ಚಿದೆ. ಹಿಂಡಲಬಳ್ಳಿಯ ಬದಲಿಗೆ ಸೇವಂತಿಗೆ ಬಂತು. ಮೇಪಲ್ ಎಲೆಗಳು ಕೆಂಪಾಗಿ ಉದುರುವ ಈ ದಿನಗಳಲ್ಲಿ ಇಲ್ಲಿನ ದಿನಸಿ ಅಂಗಡಿಗಳ ಬಾಗಿಲಲ್ಲೇ ಸೇವಂತಿಗೆಯ ಕುಂಡಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಊರಿನಲ್ಲಿ ದೀಪಾವಳಿಗೆ ಅರಳುವ ಹೂವು ಇಲ್ಲಿಯೂ ಅದೇ ಕಾಲಕ್ಕೆ ಅರಳುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಬಿಸಿಗೆ ತಾಗದಂತೆ ಹೂವನ್ನು ತಾಮ್ರದ ಚೊಂಬಿನಲ್ಲಿಟ್ಟು ಟ್ಯಾಂಕಿನಿಂದ ದೂರ ಇರಿಸಿದೆ.

ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿತ್ತು, ಆದ್ದರಿಂದ ಎಳ್ಳೆಣ್ಣೆ ಬೆಚ್ಚಗೆ ಮಾಡಿದೆ. ಹೀಟರಿನ ಒಣಗಾಳಿಗೆ ಮಕ್ಕಳ ಮೊಣಕೈ, ಹಿಮ್ಮಡಿಗಳಾಗಲೇ ಬಿರಿಯತೊಡಗಿದ್ದವು. ಊರಿನಲ್ಲಿ ಎಣ್ಣೆಸ್ನಾನವೆಂದರೆ ತಪ್ಪಿಸಿಕೊಂಡು ಓಡುತ್ತಿದ್ದವರು ಇಲ್ಲಿ ತಾವಾಗಿಯೇ ಮಣೆಯ ಮೇಲೆ ಕುಳಿತರು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂದು ಏಳು ಚಿರಂಜೀವಿಗಳನ್ನು ನೆನೆದು ನೆಲಕ್ಕೆ ಏಳು ಬೊಟ್ಟು ಎಣ್ಣೆಯಿಟ್ಟು, ಅವರ ನೆತ್ತಿಗೆ ಒತ್ತಿದೆ. ಯಜಮಾನರದೂ ಆಯಿತು. ನನಗೆ ಇಡುವವರು ಯಾರು ಎಂಬ ಪ್ರಶ್ನೆ ಬಂದಾಗ ಮಗಳೇ ಬಟ್ಟಲು ತೆಗೆದುಕೊಂಡಳು. ಕಿರಿಯರು ಹಿರಿಯರಿಗೆ ಎಣ್ಣೆಯಿಡುವುದು ಕ್ರಮವಲ್ಲ ಎನ್ನುವವರಿರಬಹುದು. ಲಕ್ಷ್ಮಿ ಎಣ್ಣೆಯಲ್ಲಿರುತ್ತಾಳೆಯೇ ಹೊರತು ಇಡುವವರ ವಯಸ್ಸಿನಲ್ಲಲ್ಲ ಎಂದು ನಾನು ತಲೆಬಾಗಿದೆ.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ನೀರು. ಈ ಊರಿನ ನಲ್ಲಿಯಲ್ಲಿ ಬರುವುದು ಒಂಟಾರಿಯೊ ಸರೋವರದ ನೀರು. ಸಂಕಲ್ಪದಲ್ಲಿ ನಾವು ನಿಂತ ನೆಲವನ್ನು ಹೇಳಲೇಬೇಕು. ಜಂಬೂದ್ವೀಪದ, ಗೋದಾವರಿಯ ದಕ್ಷಿಣ ತೀರದ ಹೆಸರು ಹೇಳುತ್ತಿದ್ದ ಪುರೋಹಿತರಲ್ಲಿ ಹಲವರು ಈ ಖಂಡಕ್ಕೆ ಬಂದ ಮೇಲೆ ಕ್ರೌಂಚದ್ವೀಪ ಎನ್ನುತ್ತಾರೆ. ಆದರೆ ಸ್ನಾನದ ಶ್ಲೋಕಕ್ಕೆ ಅಂತಹ ತಿದ್ದುಪಡಿ ಬೇಕಾಗುವುದಿಲ್ಲ. ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿಯರೇ, ಈ ನೀರಿನಲ್ಲಿ ಸನ್ನಿಧಾನ ಮಾಡಿರಿ ಎಂದು ಅದು ಬೇಡುತ್ತದೆ. ‘ಈ ನೀರು’ ಯಾವುದೆಂದು ಕೇಳುವುದಿಲ್ಲ. ನದಿಯ ದಂಡೆಯಲ್ಲೇ ಇದ್ದವನಿಗೆ ಈ ಪ್ರಾರ್ಥನೆಯ ಅಗತ್ಯ ಅಷ್ಟಿರಲಾರದು. ದೂರ ಹೋದವರನ್ನು ನೆನೆದೇ ಯಾರೋ ಇದನ್ನು ಕಟ್ಟಿರಬೇಕೆಂದು ನನಗನ್ನಿಸಿತು.

ಮಗ ಬಾತ್‌ಟಬ್ಬಿನಲ್ಲಿ ಕುಳಿತು ಪಟ್ಟಿಯನ್ನು ಗಮನವಿಟ್ಟು ಕೇಳಿ, ತುಂಗೆ ಏಕಿಲ್ಲ ಎಂದ. ಕಾವೇರಿಯ ನಂತರ ತುಂಗೆಯನ್ನೂ ಸೇರಿಸಿ ಮೊದಲ ಚೊಂಬು ಹೊಯ್ದೆ. ಬಿಸಿ ಜಾಸ್ತಿಯಾಯಿತೆಂದು ಕೂಗಿದ.