ಲೋಡರ್ ಹಾಕಿದ ಪುಣ್ಯಾತ್ಮ ನಾನೇ

2017ರ ಮೇ 15, ಸೋಮವಾರ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸಿಸ್ಟಮ್ ನೋಡಿಕೊಳ್ಳೋದಕ್ಕೆ ಇದ್ದವನು ನಾನೊಬ್ಬನೇ. ಶನಿವಾರ, ಭಾನುವಾರ ಟಿವಿ ತುಂಬ ವಾನ್ನಾಕ್ರೈ ಸುದ್ದಿ: ನೆಟ್‌ವರ್ಕ್‌ನಲ್ಲಿ ತಾನೇ ಹರಡಿ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಕಂಪ್ಯೂಟರ್ ಹುಳ. ‘ಹಳೇ ವಿಂಡೋಸ್ ಎಕ್ಸ್‌ಪಿ ಇದ್ದವರು ಹುಷಾರು’ ಅನ್ನೋದೇ ಎಲ್ಲರ ಮಾತು. ನಮ್ಮಲ್ಲಿ ಎಕ್ಸ್‌ಪಿ ಇದ್ದದ್ದು ಒಂದೇ, ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಕಳಿಸುವ ಹಳೇ ಡಬ್ಬ.

ಒಂಬತ್ತೂವರೆಗೆ ಶಾಪ್‌ಫ್ಲೋರ್‌ನಿಂದ ಫೋನ್: ‘ಸಾರ್, ನೀಲಿ ಸ್ಕ್ರೀನ್.’ ಓಡಿದೆ. ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತಿಗೆ ಮತ್ತೆ ನೀಲಿ. ನೆಟ್‌ವರ್ಕ್ ಕೇಬಲ್ ಕಿತ್ತೆ. ಕಳ್ಳ ಸಿಕ್ಕಿಬಿದ್ದ ಅಂದುಕೊಂಡು ಅಲ್ಲೇ ನಿಂತು ಟೀ ಕುಡಿದೆ. ಆ ಹದಿನೈದು ನಿಮಿಷ ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತೆ.

ಅಷ್ಟರಲ್ಲಿ ಅಕೌಂಟ್ಸ್ ಮೇಡಂ: ‘ಎಕ್ಸೆಲ್ ಓಪನ್ ಆಗ್ತಿಲ್ಲ. ಹೆಸರಿನ ಕೊನೆಗೆ ಡಬ್ಲ್ಯೂಎನ್‌ಸಿಆರ್‌ವೈ ಅಂತ ಬರ್ತಿದೆ, ನೋಡ್ರೀ.’ ಮೇಲೆ ಹತ್ತಿ ಹೋಗುವಷ್ಟರಲ್ಲಿ ಕೆಂಪು ಕಿಟಕಿ: 300 ಡಾಲರ್ ಬಿಟ್‌ಕಾಯಿನ್ ಕೊಡಿ. ಪಕ್ಕದ ಸಿಸ್ಟಮ್‌ನಲ್ಲೂ ಅದೇ. ಎಲ್ಲ ಸಿಸ್ಟಮ್‌ಗಳನ್ನೂ ಜೋಡಿಸುವ ನೆಟ್‌ವರ್ಕ್ ಸ್ವಿಚ್‌ನ ಪವರ್ ಕಿತ್ತೆಸೆದೆ. ಬ್ಯಾಕಪ್ ಹಾರ್ಡ್‌ಡಿಸ್ಕ್? ಅದು ಮೇಡಂ ಸಿಸ್ಟಮ್‌ಗೇ ಸದಾ ಚುಚ್ಚಿಕೊಂಡಿತ್ತು. ಅದೂ ಹೋಗಿತ್ತು.

ಎಕ್ಸ್‌ಪಿ ಡಬ್ಬ ಪಾಪ ಏನೂ ಹರಡಿರಲಿಲ್ಲ. ಹುಳ ತಾಗಿದೊಡನೆ ಅದು ಕ್ರ್ಯಾಶ್ ಆಗ್ತಿತ್ತು, ಅಷ್ಟೆ. ಹೊತ್ತಿ ಉರಿದದ್ದು ವಿಂಡೋಸ್ 7. ನಾನೇ ಹಾಕಿದ್ದು.

ಎರಡು ವರ್ಷ ಹಿಂದೆ ಯಜಮಾನರು ‘ಲೈಸೆನ್ಸ್ ಎಲ್ಲ ಆಮೇಲೆ ನೋಡೋಣಪ್ಪ’ ಅಂದಿದ್ದರು. ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿನ ಗೆಳೆಯನ ಪೆನ್‌ಡ್ರೈವ್‌ನಿಂದ ವಿಂಡೋಸ್‌ನ ಕಳ್ಳ ಕಾಪಿ (ಐಎಸ್‌ಓ) ತಂದೆ. ಅದನ್ನು ಅಸಲಿ ಅಂತ ನಂಬಿಸುವ ಪುಟ್ಟ ಪ್ರೋಗ್ರಾಂ ಲೋಡರ್; ಅದು ಓಡಬೇಕಾದರೆ ಆಂಟಿವೈರಸ್ ಆಫ್ ಮಾಡಬೇಕಿತ್ತು, ಮಾಡಿದೆ. ತಿರುಗಿ ಆನ್ ಮಾಡಿದರೆ ಲೋಡರನ್ನೇ ನುಂಗುತ್ತಿತ್ತು, ಹಾಗೇ ಬಿಟ್ಟೆ. ಕಳ್ಳ ಕಾಪಿ ಹಿಡಿಯುವ 971033ನೇ ಅಪ್‌ಡೇಟ್ ಬಂದರೆ ಗುಟ್ಟು ರಟ್ಟಾಗಿ ವಾಲ್‌ಪೇಪರ್ ಕಪ್ಪಾಗುತ್ತೆ ಅಂತ ಅಪ್‌ಡೇಟನ್ನೇ ಪೂರ್ತಿ ಮುಚ್ಚಿದೆ. ಜಾಣತನ ಅಂತ ಬೀಗಿಯೂ ಇದ್ದೆ! ಈ ಹುಳ ನುಗ್ಗುವ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಪ್ಯಾಚ್ ಬಿಟ್ಟಿತ್ತು. ಎರಡು ತಿಂಗಳು ಕಾದಿತ್ತು ಪಾಪ, ಬಾಗಿಲಿಗೆ ಚಿಲಕ ಹಾಕಿದವನು ನಾನು.

ಉಳಿಸಿದ್ದು ಮೇಡಂ. ಪ್ರತಿ ಶನಿವಾರ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಬ್ಯಾಗಲ್ಲಿ ಮನೆಗೆ ಒಯ್ಯುತ್ತಿದ್ದರಂತೆ. ‘ಪೆನ್‌ಡ್ರೈವ್‌ನಿಂದ ವೈರಸ್ ಬರುತ್ತೆ’ ಅಂತ ಅವರಿಗೆ ಎಷ್ಟು ಸಲ ಬೈದಿದ್ದೆನೋ.

ಸಂಜೆ ಯಜಮಾನರು ಕೇಳಿದರು: ‘ಆಂಟಿವೈರಸ್ ಇರಲಿಲ್ವಾ?’

‘ಇತ್ತು ಸಾರ್. ಆಫ್ ಮಾಡಿದ್ದೆ.’

ಅಕೌಂಟ್ಸ್‌ಗೆ ಲೈಸೆನ್ಸ್ ಬಂತು. ಶಾಪ್‌ಫ್ಲೋರ್‌ಗೆ ‘ಮುಂದಿನ ವರ್ಷ’. ಎಕ್ಸ್‌ಪಿ ಡಬ್ಬ ನಾನು ಕೆಲಸ ಬಿಡುವವರೆಗೂ ಕೇಬಲ್ ಇಲ್ಲದೆ ಅಲ್ಲೇ ಇತ್ತು. ಪ್ರೋಗ್ರಾಂ ಹೋಗುತ್ತಿದ್ದದ್ದು ಪೆನ್‌ಡ್ರೈವ್‌ನಲ್ಲಿ.