ಮೂಲೆ ಸೇರಿದ್ದ ಎರಡು ಕ್ಯಾಲ್ಕುಲೇಟರ್‌ಗಳು: ದುರಸ್ತಿಯ ದಿನಚರಿ

ಮೊದಲ ದಿನ

ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್, ಇನ್ನೊಂದು ಕಾಗದದ ಸುರುಳಿಯ ಮೇಲೆ ಅಂಕಿ ಮುದ್ರಿಸುವ ಪ್ರಿಂಟಿಂಗ್ ಕ್ಯಾಲ್ಕುಲೇಟರ್. ಲೆಕ್ಕ ತಪ್ಪುತ್ತವೆ ಎಂಬ ದೂರಿನಿಂದಲೇ ಎರಡೂ ಮೂಲೆ ಸೇರಿದ್ದವು. ಮೊದಲನೆಯದರಲ್ಲಿ 30ರ ಸೈನ್ ಕೇಳಿದರೆ 0.5 ಬರುವ ಬದಲು −0.988 ಬಂದಿತು. ಇದು 30 ರೇಡಿಯನ್‌ಗಳ ಸೈನ್ ಆದ್ದರಿಂದ, ಯಂತ್ರದ ಲೆಕ್ಕ ಸರಿಯಾಗಿಯೇ ಇದೆ, ಕೋನದ ಮಾನವಷ್ಟೇ ಬೇರೆಯಾಗಿದೆ ಎಂಬುದು ಸ್ಪಷ್ಟವಾಯಿತು. ಉತ್ತರ 0.454 ಎಂದಿದ್ದರೆ ಗ್ರೇಡಿಯನ್ (ಲಂಬಕೋನವನ್ನು ನೂರು ಭಾಗ ಮಾಡುವ ಮಾನ) ಎಂದು ತಿಳಿಯಬೇಕಿತ್ತು, ಏಕೆಂದರೆ 30 ಗ್ರೇಡಿಯನ್ ಎಂದರೆ 27 ಡಿಗ್ರಿ. ಡಿಗ್ರಿಗೆ ಬದಲಾಯಿಸಿದ್ದೇ ತಡ, ತಿರುಪುಳಿ ಮುಟ್ಟದೆಯೇ ಆ ದೂರು ಮುಗಿಯಿತು.

ಎರಡನೆಯ ದಿನ

ಪ್ರಿಂಟಿಂಗ್ ಯಂತ್ರದಲ್ಲಿ 1250 ಒತ್ತಿ ಕೂಡಿಸಿದರೆ 12.50 ಎಂದು ಅಚ್ಚಾಗುತ್ತಿತ್ತು. ದಶಾಂಶದ ಸ್ವಿಚ್ 'ಎ' ಅಕ್ಷರದ ಮೇಲಿತ್ತು. ಆ ಸ್ಥಾನದಲ್ಲಿ ಕೂಡುವಾಗ ಮತ್ತು ಕಳೆಯುವಾಗ ಕೊನೆಯ ಎರಡು ಅಂಕಿಗಳ ಮುಂದೆ ಯಂತ್ರವೇ ಬಿಂದು ಹಾಕಿಕೊಳ್ಳುತ್ತದೆ. ದಿನವಿಡೀ ಬಿಲ್ಲಿನ ಮೊತ್ತ ಕೂಡುವವರಿಗೆ ಇದು ವರ, ತಿಳಿಯದವರಿಗೆ ಶಾಪ. ಪಕ್ಕದ ಸ್ವಿಚ್ಚು ಉಳಿದ ದಶಾಂಶವನ್ನು ಏರಿಸಬೇಕೇ, 5/4 ಕ್ರಮದಲ್ಲಿ (ಮುಂದಿನ ಅಂಕಿ 5 ಅಥವಾ ಹೆಚ್ಚಿದ್ದರೆ ಏರಿಸಿ, 4 ಅಥವಾ ಕಡಿಮೆಯಿದ್ದರೆ ಬಿಟ್ಟು) ಹೊಂದಿಸಬೇಕೇ, ಕತ್ತರಿಸಿಬಿಡಬೇಕೇ ಎಂಬುದನ್ನು ನಿರ್ಧರಿಸುತ್ತದೆ. ಅದರ ಮೇಲಿನ ಬರಹ ಅಳಿಸಿಹೋಗಿದ್ದುದರಿಂದ ಎರಡು ದಶಾಂಶ ಸ್ಥಾನ ಇರಿಸಿ ಪರೀಕ್ಷಿಸಿದೆ. ಒಂದನ್ನು ಮೂರರಿಂದ ಭಾಗಿಸಿದಾಗ 0.34 ಬಂದರೆ ಏರಿಕೆ. ಎರಡನ್ನು ಮೂರರಿಂದ ಭಾಗಿಸಿದಾಗ 0.66 ಬಂದರೆ ಕತ್ತರಿಕೆ, 0.33 ಮತ್ತು 0.67 ಬಂದರೆ 5/4.

ನಾಲ್ಕನೆಯ ದಿನ

ಸೈಂಟಿಫಿಕ್ ಯಂತ್ರದ 5ರ ಗುಂಡಿಯನ್ನು ಹೆಬ್ಬೆರಳು ನೋಯುವಷ್ಟು ಅದುಮಬೇಕಾಗಿತ್ತು. ಗುಂಡಿಗಳು ಸಾಲಾಗಿ ಸತ್ತಿದ್ದರೆ ಅವೆಲ್ಲಕ್ಕೂ ಸೇರಿದ ತಂತು ಕಡಿದಿದೆ ಎಂದು ಶಂಕಿಸಬೇಕು. ಒಂದೇ ಗುಂಡಿಯಾದ್ದರಿಂದ ಕೊಳೆಯೇ ಕಾರಣವೆಂದು ಊಹಿಸಿ, ಸೆಲ್ ತೆಗೆದು, ಹಿಂಬದಿ ಬಿಚ್ಚಿದೆ. ರಬ್ಬರ್ ಹಾಳೆಯ ಅಡಿಯಲ್ಲಿರುವ ಕಾರ್ಬನ್ ಬಿಲ್ಲೆಯ ಮೇಲೂ ಬೋರ್ಡಿನ ಮೇಲೂ ಜಿಡ್ಡು ಕಟ್ಟಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಮೃದುವಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿದಾಗ ಗುಂಡಿ ಹಗುರಾಯಿತು. ಬೋರ್ಡಿನ ಮೇಲಿನ ಕಪ್ಪು ಲೇಪವನ್ನು ಮರಳು ಕಾಗದದಿಂದ ಉಜ್ಜಬಾರದು, ಏಕೆಂದರೆ ವಿದ್ಯುತ್ ಹರಿಯುವುದು ಆ ಲೇಪದಲ್ಲಿಯೇ.

ಸೌರ ಫಲಕವಿರುವ ಯಂತ್ರದಲ್ಲಿ ಸೆಲ್ ಮುಗಿದಿರುವುದು ಸುಲಭಕ್ಕೆ ಗೊತ್ತಾಗುವುದಿಲ್ಲ. ಫಲಕವನ್ನು ಅಂಗೈಯಿಂದ ಮುಚ್ಚಿದೆ, ಅಂಕಿಗಳು ಮಸುಕಾದವು. ಹೊಸ ಎಲ್‌ಆರ್44 ಸೆಲ್ ಹಾಕಿದೆ.

ಐದನೆಯ ದಿನ

ಪ್ರಿಂಟಿಂಗ್ ಯಂತ್ರದ ಪರದೆ ಬೆಳಗುತ್ತದೆ, ಆದರೆ ಮುದ್ರಿಸ ಹೊರಟೊಡನೆ ಎಲ್ಲವೂ ಆರಿಹೋಗುತ್ತದೆ. ಪರದೆಗಿಂತ ಮೋಟಾರು ಎಷ್ಟೋ ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ ಬಳಲಿದ ಸೆಲ್‌ಗಳು ಅಲ್ಲಿ ಕೈಕೊಡುತ್ತವೆ. ಅಡಾಪ್ಟರ್ ಸಿಕ್ಕಿಸುವ ಮೊದಲು ಯಂತ್ರದ ಮೇಲಿನ ಧ್ರುವದ ಗುರುತನ್ನು ಎರಡು ಬಾರಿ ನೋಡಿದೆ. ಪಿನ್ನಿನ ನಡುಭಾಗ ಋಣವಾಗಿರುವ ಅಡಾಪ್ಟರ್ ಬೇಡುವ ಯಂತ್ರಗಳೂ ಇವೆ.

ಮೋಟಾರು ತಿರುಗಿತು, ಅಕ್ಷರ ಮೂಡಲಿಲ್ಲ. ಶಾಯಿಯ ರೋಲರ್ ಒಣಗಿತ್ತು. ಅದಕ್ಕೆ ರಬ್ಬರ್ ಸ್ಟಾಂಪಿನ ಶಾಯಿ ಹನಿಸಿದ್ದು ನನ್ನ ಆತುರದ ಫಲ: ಅಂಕಿಗಳು ಕಲಸಿಹೋದವು, ಅಚ್ಚಿನ ಚಕ್ರಗಳನ್ನು ಒರೆಸುವುದರಲ್ಲೇ ಸಂಜೆ ಕಳೆಯಿತು. ಕೊನೆಗೆ ಹೊಸ ರೋಲರನ್ನೇ ಹಾಕಿದೆ. ಶಾಯಿಯಿಲ್ಲದ ಥರ್ಮಲ್ ಯಂತ್ರವಾಗಿದ್ದರೆ ಮೊದಲು ಕಾಗದವನ್ನು ಉಗುರಿನಿಂದ ಗೀರಿ ನೋಡಬೇಕಿತ್ತು; ಕಪ್ಪು ಗೆರೆ ಮೂಡುವ ಬದಿಯಲ್ಲಿ ಮಾತ್ರ ಅದು ಮುದ್ರಿಸಬಲ್ಲದು.

ಏಳನೆಯ ದಿನ

ಸೈಂಟಿಫಿಕ್ ಯಂತ್ರದ ಪರದೆಯಲ್ಲಿ ಎರಡು ಲಂಬ ಗೆರೆಗಳು ಇನ್ನೂ ಕಾಣುತ್ತಿಲ್ಲ, ಚೌಕಟ್ಟನ್ನು ಒತ್ತಿ ಹಿಡಿದರೆ ಮಾತ್ರ ಮರಳುತ್ತವೆ. ಪರದೆಗೂ ಬೋರ್ಡಿಗೂ ನಡುವಿನ ಪಟ್ಟಿ ಅಂಟು ಬಿಟ್ಟಿರಬೇಕು. ಅದನ್ನು ಬಿಸಿ ಮಾಡಿ ಒತ್ತಿ ಕೂರಿಸುವ ಕೆಲಸವನ್ನು, ಹೆಚ್ಚು ಶಾಖ ತಗುಲಿದರೆ ಇರುವ ಗೆರೆಗಳೂ ಹೋಗುವ ಭಯದಿಂದ, ಬೇರೊಂದು ಕೆಟ್ಟ ಯಂತ್ರದ ಮೇಲೆ ಕೈ ಪಳಗಿಸಿಕೊಳ್ಳುವವರೆಗೆ ಮುಂದೂಡಿದ್ದೇನೆ.