ಗಾಡಿ ಖಾಲಿಯೆಂದೇ ನಂಬಿದ್ದ ವಾಲ್ವ್

ಮೂಡಿಗೆರೆ ಕಡೆಯಿಂದ ಶುಂಠಿ ಹೇರಿಕೊಂಡು ಮಂಗಳೂರಿಗೆ ಹೋಗುವಾಗ ಚಾರ್ಮಾಡಿ ಘಾಟಿಯ ಅಣ್ಣಪ್ಪ ಸ್ವಾಮಿ ಗುಡಿಯ ಬಳಿ ಪಿಕಪ್ ನಿಲ್ಲಿಸಿ ಕೈಮುಗಿಯುವುದು ಉಳಿದ ಚಾಲಕರಂತೆ ನನಗೂ ರೂಢಿ. ಅಂದು ಗಾಡಿಯಿಂದ ಇಳಿದಾಗ ಊದುಬತ್ತಿಯ ಪರಿಮಳದ ಜೊತೆಗೆ ಬ್ರೇಕ್ ಸುಟ್ಟ ಕಮಟು ವಾಸನೆಯೂ ಬಂತು. ಮುಂದಿನ ಎರಡೂ ಚಕ್ರಗಳ ಹತ್ತಿರ ಕೈ ಒಯ್ಯಲಾಗದಷ್ಟು ಕಾವಿತ್ತು. ಹಿಂದಿನ ಬ್ರೇಕ್ ಡ್ರಮ್ಮುಗಳು ಮಾತ್ರ ಬರೀ ಬೆಚ್ಚಗಿದ್ದವು. ಒಂದೂವರೆ ಟನ್ ಭಾರವನ್ನು ಘಾಟಿಯುದ್ದಕ್ಕೂ ಮುಂದಿನ ಬ್ರೇಕುಗಳೇ ತಡೆಹಿಡಿದು ತಂದಿದ್ದವು ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಮುಂದಿನ ಪ್ಯಾಡುಗಳು ಬೇಗ ಸವೆಯುತ್ತಿದ್ದುದಕ್ಕೂ ನಾನು ಪ್ಯಾಡುಗಳನ್ನೇ ಬೈದುಕೊಂಡಿದ್ದೆ.

ಊರಿನ ಗ್ಯಾರೇಜಿನಲ್ಲಿ ಗಾಡಿಯ ಕೆಳಗೆ ಹೋದವರು, ಹಿಂದಿನ ಹೌಸಿಂಗಿನ (ಹಿಂಚಕ್ರಗಳ ಅಚ್ಚಿನ ಕವಚ) ಮೇಲ್ಭಾಗದಲ್ಲಿ ಚಾಸಿಗೆ ಕೂರಿಸಿದ್ದ, ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ಲೋಡ್ ಸೆನ್ಸಿಂಗ್ ವಾಲ್ವಿನ ಸನ್ನೆಕೋಲನ್ನು ತಂತಿಯಿಂದ ಮೇಲಕ್ಕೆ ಬಿಗಿದು ಕಟ್ಟಿ, ಇನ್ನು ಹಿಂದೆಯೂ ಬ್ರೇಕ್ ಹಿಡಿಯುತ್ತದೆ ಎಂದು ಕಳಿಸಿದರು. ಹಿಡಿಯಿತು, ನಿಜ. ಮಂಗಳೂರಿನಲ್ಲಿ ಮಾಲು ಇಳಿಸಿ ಖಾಲಿ ಗಾಡಿಯಲ್ಲಿ ಮರಳುತ್ತಿದ್ದಾಗ, ಉಜಿರೆಗೆ ಇನ್ನೂ ಸ್ವಲ್ಪ ದೂರವಿರುವಾಗ, ಮಳೆಯಲ್ಲಿ ಅಡ್ಡಬಂದ ಹಸುವೊಂದಕ್ಕಾಗಿ ಪೆಡಲ್ ಒತ್ತಿದೆ. ಹಿಂದಿನ ಚಕ್ರಗಳು ತಕ್ಷಣ ತಿರುಗದಂತೆ ಕಚ್ಚಿಕೊಂಡು, ಗಾಡಿಯ ಹಿಂಭಾಗ ಎಡಕ್ಕೆ ಜಾರಿ, ನಾನು ರಸ್ತೆಗೆ ಅಡ್ಡಲಾಗಿ ನಿಂತಿದ್ದೆ. ಹಸು ನಿಧಾನವಾಗಿ ದಾಟಿಕೊಂಡು ಹೋಯಿತು.

ಅಲ್ಲಿಂದ ಹೋದದ್ದು ಬೆಳ್ತಂಗಡಿಯ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿಗೆ. ಅವರು ಮೊದಲು ತಂತಿಯನ್ನು ಕತ್ತರಿಸಿ ಬಿಸಾಡಿದರು. ಆಮೇಲೆ ಭಾರ ಹೊರುವ ಹಿಂದಿನ ಕಮಾನು (ಸ್ಪ್ರಿಂಗ್) ಪ್ಲೇಟುಗಳನ್ನು ಎಣಿಸಿದರು. ಹಿಂದಿನ ವರ್ಷ ಹೆಚ್ಚು ಭಾರ ಹೇರುವ ಆಸೆಯಿಂದ ನಾನೇ ಒಂದು ಪ್ಲೇಟು ಹೆಚ್ಚುವರಿಯಾಗಿ ಹಾಕಿಸಿದ್ದೆ.

"ಗಾಡಿ ಮೇಲೆದ್ದು ಕೂತಿದೆ. ಒಂದೂವರೆ ಟನ್ ಹೇರಿದರೂ ಈ ವಾಲ್ವಿಗೆ ನಿಮ್ಮ ಗಾಡಿ ಯಾವಾಗಲೂ ಖಾಲಿ ಅಂತಲೇ ಲೆಕ್ಕ ಮಾರಾಯ್ರೆ" ಎಂದರು.

ವಾಲ್ವಿಗೆ ಭಾರವನ್ನು ತೂಗುವ ಉಪಾಯವೇನೂ ಇಲ್ಲ. ಭಾರ ಬಿದ್ದಾಗ ಚಾಸಿ ತಗ್ಗಿ ಹೌಸಿಂಗಿಗೆ ಹತ್ತಿರವಾಗುತ್ತದೆ, ನಡುವಿನ ಕಡ್ಡಿ ಸನ್ನೆಕೋಲನ್ನು ಮೇಲಕ್ಕೆ ದೂಡುತ್ತದೆ, ಆಗ ಹಿಂದಿನ ಬ್ರೇಕುಗಳಿಗೆ ಹೆಚ್ಚು ಒತ್ತಡ ಹೋಗುತ್ತದೆ. ಖಾಲಿಯಿದ್ದಾಗ ಬ್ರೇಕ್ ಹಿಡಿದರೆ ಗಾಡಿಯ ತೂಕ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗುವುದರಿಂದ, ಆ ಒತ್ತಡ ಒಂದು ಮಟ್ಟವನ್ನು ದಾಟಿದ ಮೇಲೆ ಅದನ್ನು ವಾಲ್ವ್ ಮೊಟಕುಗೊಳಿಸಬೇಕು. ಮುಂದಿನ ಚಕ್ರ ಕಚ್ಚಿಕೊಂಡರೆ ಸ್ಟೇರಿಂಗ್ ಮಾತು ಕೇಳದಿದ್ದರೂ ಗಾಡಿ ನೇರವಾಗಿಯೇ ಜಾರುತ್ತದೆ. ಹಿಂದಿನದು ಮೊದಲು ಕಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ಉಜಿರೆಯ ಬಳಿ ನೋಡಿಯಾಗಿತ್ತು.

ಅವರ ಅಂಗಳದಲ್ಲಿ ನಿಂತಿದ್ದ, ಕಂಪನಿ ಕೊಟ್ಟ ಪ್ಲೇಟುಗಳೇ ಇದ್ದ ಅದೇ ಮಾದರಿಯ ಖಾಲಿ ಪಿಕಪ್ಪಿನಲ್ಲಿ ಚಾಸಿಗೂ ಹೌಸಿಂಗಿಗೂ ಇರುವ ಅಂತರವನ್ನು ಟೇಪಿನಿಂದ ಅಳೆದು ನೋಡಿದರೆ, ನನ್ನದರಲ್ಲಿ ನಾಲ್ಕು ಸೆಂಟಿಮೀಟರ್ ಹೆಚ್ಚಿತ್ತು. ಕಡ್ಡಿಯನ್ನು ಅಷ್ಟೇ ಉದ್ದ ಮಾಡಿದರೆ ಸಾಲದೇ ಎಂದು ಕೇಳಿದೆ. ಪ್ಲೇಟು ಗಟ್ಟಿಯಾದ ಮೇಲೆ ಭಾರಕ್ಕೆ ತಗ್ಗುವುದೂ ಕಡಿಮೆಯಾಗುತ್ತದೆ, ಖಾಲಿ ಗಾಡಿಗೆ ಹೊಂದಿಸಿದರೆ ಭಾರಕ್ಕೆ ಸಾಲದು, ಭಾರಕ್ಕೆ ಹೊಂದಿಸಿದರೆ ಖಾಲಿಯಲ್ಲಿ ಮತ್ತೆ ಅಡ್ಡ ತಿರುಗುತ್ತೀರಿ ಎಂದರು. ಪ್ಲೇಟು ಬಿಚ್ಚಿಸಿದೆ. (ಅದು ಈಗ ನಮ್ಮ ಊರಿನ ಕಮ್ಮಾರನ ಕೈಯಲ್ಲಿ ಎರಡು ಒಳ್ಳೆಯ ಕತ್ತಿಗಳಾಗಿದೆ.)

ಡ್ರಮ್ಮು ಬಿಚ್ಚಿದಾಗ, ಅದರೊಳಗೆ ಉಜ್ಜಿ ಬ್ರೇಕ್ ಹಿಡಿಯುವ ಹಿಂದಿನ ಲೈನರುಗಳು ಕೆಲಸವಿಲ್ಲದೆ ಗಾಜಿನಂತೆ ನುಣುಪಾಗಿದ್ದವು. ಅವನ್ನು ಬದಲಿಸಿ, ಲೈನರ್ ಕೂರುವ ಶೂಗಳಿಗೂ ಡ್ರಮ್ಮಿಗೂ ನಡುವಿನ ಸಂದನ್ನು ಸರಿಪಡಿಸಿ, ಹಳೆಯ ಬ್ರೇಕ್ ಆಯಿಲ್ ಹೊರಹಾಕಿ ಏರ್ ತೆಗೆದು, ಕಡ್ಡಿಯ ನಟ್ಟನ್ನು ಮೂಲ ಅಳತೆಗೆ ಬಿಗಿದರು. ಸಂಜೆ ವಾಹನವಿಲ್ಲದ ನೇರ ರಸ್ತೆಯೊಂದರಲ್ಲಿ ಮೂವತ್ತರ ವೇಗದಲ್ಲಿ ಬ್ರೇಕ್ ಒತ್ತಿಸಿ, ತಾವು ದೂರದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಚಕ್ರಗಳನ್ನೇ ನೋಡಿದರು. ಮೂರು ಸಲವೂ ಮುಂದಿನ ಚಕ್ರಗಳೇ ಮೊದಲು ಕಚ್ಚಿಕೊಂಡವು; ಗಾಡಿ ನೇರವಾಗಿ ನಿಂತಿತು.

ಮುಂದಿನ ವಾರ ಎರಡು ಮೂಟೆ ಕಡಿಮೆ ಹೇರಿಕೊಂಡು, ಎರಡನೇ ಗೇರಿನಲ್ಲೇ ಘಾಟಿಯಿಳಿದು ಅಣ್ಣಪ್ಪನ ಗುಡಿಯ ಮುಂದೆ ನಿಲ್ಲಿಸಿದೆ. ಕೈಮುಗಿಯುವ ಮೊದಲು ಗಾಡಿಯನ್ನು ಒಂದು ಸುತ್ತು ಹಾಕಿ ಹಿಂದಿನ ಡ್ರಮ್ಮಿನ ಹತ್ತಿರ ಅಂಗೈ ಹಿಡಿದೆ. ಅದೂ ಬಿಸಿಯಾಗಿತ್ತು.